ಅರಿವಳಿಕೆ ಕೋವಿ: ಗುರಿ ತಪ್ಪಿದರೆ ಹೊಣೆ ಯಾರದು?

ಚಿಕ್ಕಮಗಳೂರು ಜಿಲ್ಲೆ ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಊರುಗಳಲ್ಲಿ ಕೋವಿ ಎಂದರೆ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ನಳಿಗೆ ಬಂದೂಕು. ಹತ್ತಿರದ ಗುರಿಗಷ್ಟೇ ಒದಗುವ ಅದಕ್ಕೆ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದರ 1991ರ ತಿದ್ದುಪಡಿಯ ಬಳಿಕ ಮೋಜಿನ ಬೇಟೆಗೂ ಅವಕಾಶವಿಲ್ಲ. ಆದರೂ ಬೇಟೆ ರೈಫಲ್‌ಗಳ ಸ್ಕೋಪ್ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆ ಈ ಭಾಗಕ್ಕೆ ಅಪ್ರಸ್ತುತವಲ್ಲ. ಅದೇ ಬಗೆಯ ಸ್ಕೋಪನ್ನು ಅರಿವಳಿಕೆ ಬಂದೂಕಿಗೂ ಅಳವಡಿಸಲಾಗುತ್ತದೆ.

ಚಿರತೆ, ಆನೆಯಂಥ ಮೊದಲ ಪರಿಚ್ಛೇದದ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯಕಾರಿಯಾದರೂ ಅದನ್ನು ಕೊಲ್ಲಲು ಕಾಯ್ದೆಯ 11ನೇ ಕಲಂ ಸುಲಭವಾಗಿ ಅನುಮತಿ ನೀಡುವುದಿಲ್ಲ. ಸೆರೆ, ಅರಿವಳಿಕೆ, ಸ್ಥಳಾಂತರ ಯಾವುದೂ ಸಾಧ್ಯವಿಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು. ಹೀಗಾಗಿ ಅರಿವಳಿಕೆ ಬಂದೂಕಿನ ಗುರಿ ಪ್ರಾಣಿಯ ಅಳಿವು ಉಳಿವನ್ನೇ ನಿರ್ಧರಿಸಬಲ್ಲದು.

ಸ್ಕೋಪ್ ಒಮ್ಮೆಲೇ ಕೈಕೊಡುವುದು ಅಪರೂಪ. ಸದ್ದಿಲ್ಲದೆ ಸವೆಯುವುದೇ ಹೆಚ್ಚು. ರಬ್ಬರ್ ಮುದ್ರೆಗಳು ಒಣಗಿದರೆ ಒಳಗೆ ತುಂಬಿದ ನೈಟ್ರೋಜನ್ ಸೋರಿ ತೇವ ನುಗ್ಗುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟರೆ ಮಸೂರಕ್ಕೆ ಬೂಷ್ಟು ಹಿಡಿದು ಮೇಲಿನ ಲೇಪನ ಹಾಳಾಗುತ್ತದೆ. ಲಕ್ಕವಳ್ಳಿ ಕಾಡಿನ ತೇವ, ಅಜ್ಜಂಪುರ ಬಯಲಿನ ಬಿಸಿಲು, ಜೀಪಿನ ಕುಲುಕಾಟ ಇವೆಲ್ಲವನ್ನೂ ಒಂದೇ ಉಪಕರಣ ತಾಳಬೇಕು. ಎಲ್ಲಕ್ಕಿಂತ ಸಾಮಾನ್ಯವಾದ ದೋಷವೆಂದರೆ ಸ್ಕೋಪನ್ನು ಹಿಡಿದಿಡುವ ಬಳೆಗಳ ತಿರುಪು ಸಡಿಲವಾಗುವುದು. ಸ್ಕೋಪ್ ಒಂದು ಡಿಗ್ರಿಯ ಆರನೇ ಒಂದು ಭಾಗದಷ್ಟು ಓರೆಯಾದರೂ 30 ಮೀಟರ್ ದೂರದಲ್ಲಿ ಗುರಿ ಸುಮಾರು 9 ಸೆಂಟಿಮೀಟರ್ ತಪ್ಪುತ್ತದೆ. ತೊಡೆಯ ಸ್ನಾಯುವಿಗೆ ನಾಟಬೇಕಾದ ಸೂಜಿ ಎಲುಬಿಗೋ ಹೊಟ್ಟೆಗೋ ತಾಗಬಹುದು. ಅರೆಬರೆ ಮದ್ದೇರಿದ ಚಿರತೆ ಜನರ ಮೇಲೆ ಬಿದ್ದರೆ ಗತಿಯೇನು?

ಸೂಜಿ ಸರಿಯಾಗಿ ನಾಟಿದರೂ ಮದ್ದು ಹಿಡಿಯಲು ನಿಮಿಷಗಳೇ ಬೇಕು. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ಬಳಿ ಗಾಯಾಳು ಕಾಡಾನೆಗೆ ಅರಿವಳಿಕೆ ನೀಡಲು ತೆರಳಿದ್ದ ‘ಆನೆ ವೆಂಕಟೇಶ್’ ಅದರ ದಾಳಿಗೆ ಬಲಿಯಾದರು. ಪಳಗಿದ ಕೈಗೂ ಈ ಕೆಲಸ ಎಷ್ಟು ಅಪಾಯಕಾರಿ ಎಂಬುದನ್ನು ಆ ಸಾವು ತೋರಿಸಿತು. ಸಹಜವಾಗಿಯೇ ಇರುವ ಇಂಥ ಅಪಾಯಕ್ಕೆ ಉಪಕರಣದ ಅನಿಶ್ಚಿತತೆಯೂ ಸೇರಬಾರದು.

ದುಬಾರಿ ಸ್ಕೋಪ್ ಕೊಂಡ ಮಾತ್ರಕ್ಕೆ ಪರಿಹಾರ ಸಿಗದು. ಪ್ರತಿ ಕಾರ್ಯಾಚರಣೆಗೆ ಮುನ್ನ ಅದೇ ಸೂಜಿ, ಅದೇ ಅನಿಲ ಒತ್ತಡದಲ್ಲಿ ಅಳತೆ ಮಾಡಿದ ದೂರದಿಂದ ಹೊಡೆದು ನೋಡಬೇಕು. ತಿರುಪುಗಳನ್ನು ಬಿಗಿಗೊಳಿಸಿ ಗುರುತು ಹಾಕಬೇಕು. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಪೆಟ್ಟಿಗೆಯಲ್ಲಿ ಕಾಪಿಡಬೇಕು. ಯಾರು ಎಂದು ಪರೀಕ್ಷಿಸಿದರೆಂಬುದನ್ನು ಪುಸ್ತಕದಲ್ಲಿ ನಮೂದಿಸಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಚಿರತೆ ಊರಿಗೆ ನುಗ್ಗಿದ ದಿನ ಪೆಟ್ಟಿಗೆ ತೆರೆದು ದೂಳು ಕೊಡಹುವ ವ್ಯವಸ್ಥೆಯಲ್ಲಿ ಎಷ್ಟೇ ಉತ್ತಮವಾದ ಸ್ಕೋಪ್ ಇದ್ದರೂ ಪ್ರಯೋಜನವಿಲ್ಲ.