ಅಧಿಕಾರವೂ ಕನಿಕರವೂ

ರೋಗಿಯ ಹಾಸಿಗೆಯ ಬಳಿ ಎರಡು ಪ್ರಶ್ನೆಗಳು ಸದಾ ಕಾದು ನಿಂತಿರುತ್ತವೆ. ಈ ಬೇನೆಯನ್ನು ನೀಗುವ ಶಕ್ತಿ ದೇವರಿಗುಂಟೆ? ಉಂಟಾದರೆ, ನಮ್ಮ ಮೇಲೆ ಅವನಿಗೆ ಕನಿಕರವುಂಟೆ? ಮೊದಲನೆಯದು ಬುದ್ಧಿಯ ಪ್ರಶ್ನೆ. ಎರಡನೆಯದು ಎದೆಯ ಪ್ರಶ್ನೆ. ಮತ್ತಾಯನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಒಂದರ ಬೆನ್ನಿಗೊಂದು ಬರುವ ಎರಡು ಪ್ರಸಂಗಗಳು ಇವೆರಡನ್ನೂ ಎದುರಿಸುತ್ತವೆಂದು ನನಗೆ ತೋರುತ್ತದೆ.

ಮೊದಲು ಬರುವವನು ಕುಷ್ಠರೋಗಿ. ಯೇಸುವಿನ ಸಾಮರ್ಥ್ಯದಲ್ಲಿ ಅವನಿಗೆ ಸಂದೇಹವಿಲ್ಲ. ಸಂದೇಹವೆಲ್ಲ ಯೇಸುವಿನ ಮನಸ್ಸಿನ ವಿಷಯದಲ್ಲಿ. ವ್ಯಾಕರಣವನ್ನು ಪಾಠ ಹೇಳುವ ನನಗೆ, ಅವನ ಬಿನ್ನಹದಲ್ಲಿರುವ 'ರೆ' ಎಂಬ ಪಕ್ಷಾರ್ಥದ ಒಂದಕ್ಷರದಲ್ಲಿಯೇ ಒಂದು ಬಾಳಿನ ಸಂಕಟವೆಲ್ಲ ಅಡಗಿರುವಂತೆ ಕಾಣುತ್ತದೆ. ಮೋಶೆಯ ಧರ್ಮಶಾಸ್ತ್ರದಂತೆ ಅವನು ಊರ ಹೊರಗಿರಬೇಕಾದವನು. ತಾನು ಅಶುದ್ಧನೆಂದು ತಾನೇ ಕೂಗಿ ಹೇಳಬೇಕಾದವನು. ಮನುಷ್ಯರ ಕನಿಕರವನ್ನೇ ಕಾಣದವನು ದೇವರ ಕನಿಕರವನ್ನು ಹೇಗೆ ನಂಬಿಯಾನು? ಮಾತೊಂದೇ ಸಾಕಾಗಿದ್ದಲ್ಲಿ ಯೇಸು ಕೈಚಾಚಿ ಅವನನ್ನು ಮುಟ್ಟಿದನು. ದೇಹಶುದ್ಧಿಗೆ ಮೊದಲೇ ಆ ಸ್ಪರ್ಶದಿಂದ ಅವನ ಮನುಷ್ಯತ್ವ ಅವನಿಗೆ ಮರಳಿತು.

ಎರಡನೆಯವನು ಕಪೆರ್ನೌಮಿನ ಶತಾಧಿಪತಿ, ಅನ್ಯಜನಾಂಗದ ದಂಡಾಳು. ತನಗಾಗಿ ಅಲ್ಲ, ತನ್ನ ಆಳಿಗಾಗಿ ಬೇಡಿಕೊಂಡವನು. ಯೇಸು ತನ್ನ ಮನೆಗೆ ಬರುವಷ್ಟು ಯೋಗ್ಯತೆ ತನಗಿಲ್ಲ, ನಿಂತಲ್ಲಿಂದಲೇ ಒಂದು ಮಾತು ಅಪ್ಪಣೆಯಾದರೆ ಸಾಕೆಂದನು. ತಾನು ಮೇಲಿನವರಿಗೆ ಅಧೀನನಾಗಿರುವುದರಿಂದಲೇ ತನ್ನ ಅಪ್ಪಣೆಯೂ ನಡೆಯುತ್ತದೆಂಬುದು ಆ ಸಿಪಾಯಿಗೆ ಗೊತ್ತು. ಯೇಸು ಬೆರಗಾದನೆಂದು ಸುವಾರ್ತೆಗಳು ಹೇಳುವ ಸಂದರ್ಭಗಳು ಎರಡೇ: ಇಲ್ಲಿ ಈ ಪರಕೀಯನ ನಂಬಿಕೆಯನ್ನು ಕಂಡು, ನಜರೇತಿನಲ್ಲಿ ಸ್ವಂತ ಊರವರ ಅಪನಂಬಿಕೆಯನ್ನು ಕಂಡು.

ಇಷ್ಟಾದರೂ, ಗುಣವಾಗದ ರೋಗಿಯನ್ನು ನೋಡಿ 'ನಿನ್ನ ನಂಬಿಕೆ ಸಾಲದು' ಎನ್ನುವವರು ಇಂದಿಗೂ ಇದ್ದಾರೆ. ನೊಂದವನ ಗಾಯಕ್ಕೆ ಉಪ್ಪು ಸವರುವ ಈ ಮಾತಿಗೆ ಸುವಾರ್ತೆಯ ಆಧಾರವೆಲ್ಲಿದೆ? ಮನೆಯಲ್ಲಿ ಮಲಗಿದ್ದ ಆ ಆಳಿನ ನಂಬಿಕೆ ಎಷ್ಟೆಂದು ಯೇಸು ಕೇಳಲೇ ಇಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದ ಮುಳ್ಳು ನೀಗಲೆಂದು ಮೂರು ಸಲ ಬೇಡಿದನು. ಮುಳ್ಳು ಹೋಗಲಿಲ್ಲ, ಅದನ್ನು ತಾಳುವ ಕೃಪೆ ದೊರೆಯಿತು. ಅವನ ನಂಬಿಕೆ ಕಡಮೆಯದೆಂದು ಯಾರು ಹೇಳಿಯಾರು? ನಂಬುವುದೆಂದರೆ ದೇವರ ಕೈಯನ್ನು ತಿರುಚುವುದಲ್ಲ, ಆ ಕೈಗೆ ತನ್ನನ್ನು ಒಪ್ಪಿಸಿಕೊಳ್ಳುವುದು.

ಮದ್ದನ್ನು ತೊರೆಯುವುದೂ ನಂಬಿಕೆಯ ಲಕ್ಷಣವಲ್ಲ. ಪೌಲನ ಸಂಗಡಿಗನಾದ ಲೂಕನು ವೈದ್ಯನೇ ಆಗಿದ್ದನು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧದಾನವನ್ನು ಆರಂಭಿಸಿದ ಫಾದರ್ ಅಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯವನ್ನು ಕಲ್ಪಿಸಿದರು. ರೋಗಾಣುವನ್ನು ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದಿದ್ದರೂ ಅದನ್ನು ಗೆಲ್ಲುವ ಮದ್ದು ಆಗ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1981ರಲ್ಲಿ. ಇಂದು ಆ ರೋಗ ಸಂಪೂರ್ಣವಾಗಿ ಗುಣವಾಗುತ್ತದೆ. ಆದರೆ ಮದ್ದಿಲ್ಲದ ಆ ಕಾಲದಲ್ಲಿ, ಗುಣಪಡಿಸಲಾರೆವೆಂದು ತಿಳಿದೂ ಹುಣ್ಣು ತೊಳೆದು ಬಟ್ಟೆ ಕಟ್ಟಿದ ಕೈಗಳನ್ನು ನಾವು ಮರೆಯಲಾಗದು.

ಗುಣಪಡಿಸುವ ಅಧಿಕಾರ ಆ ಕೈಗಳಿಗಿರಲಿಲ್ಲ, ಮುಟ್ಟುವ ಕನಿಕರವಿತ್ತು. ಅಧಿಕಾರವನ್ನು ದೇವರಿಗೆ ಬಿಟ್ಟು, ಕನಿಕರವನ್ನು ತಮ್ಮ ಪಾಲಿಗೆ ಇಟ್ಟುಕೊಂಡ ಅಂಥವರಲ್ಲಿಯೇ ಶತಾಧಿಪತಿಯ ನಂಬಿಕೆ ಇಂದಿಗೂ ಉಳಿದುಬಂದಿದೆ.