ಬೆಕ್ಕಿಗೆ ಬಾಗಿಲು ತೆರೆಯಬೇಕೇ?

ಮೊನ್ನೆ ಫಜ್ರ್ ನಮಾಝ್ ಮುಗಿಸಿ ಚಾಪೆ ಮಡಚುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಅಜ್ಜಿ. ಕೈಯಲ್ಲಿ ಪೊರಕೆ ಹಿಡಿದೇ ಬಂದಿದ್ದರು. "ನೋಡಮ್ಮಾ, ಹೇಳಬಾರದು ಅಂತ ಮೂರು ದಿನ ಸುಮ್ಮನಿದ್ದೆ. ನಿಮ್ಮ ಬೆಕ್ಕು ಇವತ್ತೂ ನಮ್ಮ ತುಳಸಿ ಕುಂಡದಲ್ಲೇ ಗಲೀಜು ಮಾಡಿದೆ. ನಾನು ಪೂಜೆ ಮಾಡೋದು ಹೇಗೆ, ನೀನೇ ಹೇಳು" ಎಂದರು. ಮಾತಿನಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ನನ್ನ ಮುಖ ಸಣ್ಣದಾಯಿತು. ಹನ್ನೊಂದು ವರ್ಷದ ನೆರೆಕರೆ ನಮ್ಮದು. ಮಗಳಿಗೆ ಜ್ವರ ಬಂದಾಗ ನನಗಿಂತ ಮೊದಲು ಗಂಜಿ ಕಾಯಿಸಿ ತಂದವರು ಇದೇ ಅಜ್ಜಿ. ನಾನೇ ಹೋಗಿ ಕುಂಡದ ಮಣ್ಣು ತೆಗೆದು, ತೊಳೆದು, ಹೊಸ ಮಣ್ಣು ತುಂಬಿ ಕೊಟ್ಟೆ.

ಮನೆಗೆ ಬಂದರೆ ಮಿನ್ನು ಏನೂ ಅರಿಯದವಳಂತೆ ಫ್ರಿಜ್ಜಿನ ಮೇಲೆ ಮಲಗಿದ್ದಳು.

ಅಂದು ತಿಂಡಿಯ ಹೊತ್ತಿಗೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಎಲ್ಲಾದರೂ ದೂರ ಬಿಟ್ಟು ಬಂದರಾಯಿತು" ಎಂದರು ನನ್ನ ಯಜಮಾನರು. "ಬೆಕ್ಕನ್ನು ಯಾರಾದರೂ ಕೂಡಿ ಹಾಕುತ್ತಾರೆಯೇ? ಅದರ ಪಾಡಿಗೆ ತಿರುಗಲಿ ಬಿಡು" ಎಂದರು ನನ್ನ ಅಮ್ಮಿ. ಮಗಳಂತೂ ಮದ್ರಸದಲ್ಲಿ ಕಲಿತದ್ದನ್ನು ನನ್ನ ಮುಂದಿಟ್ಟಳು: "ಅಮ್ಮಿ, ಬೆಕ್ಕನ್ನು ಕಟ್ಟಿ ಹಾಕಿದ ಹೆಂಗಸು ನರಕಕ್ಕೆ ಹೋದಳಂತೆ. ನಾವು ಬಾಗಿಲು ಹಾಕಿದರೆ?"

ಯಜಮಾನರ ಸಲಹೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಗೋಣಿಚೀಲದಲ್ಲಿ ತುಂಬಿ ಮಾರ್ಕೆಟ್ ಹತ್ತಿರ ಬಿಟ್ಟು ಬರುವುದು ಅನೇಕ ಮನೆಗಳಲ್ಲಿ ಸಲೀಸಾಗಿ ನಡೆಯುವ ಕೆಲಸ. ಬಟ್ಟಲಿನಲ್ಲಿ ಅನ್ನ ಉಂಡು ಬೆಳೆದ ಪ್ರಾಣಿ ಅಲ್ಲಿ ನಾಯಿಗಳ ನಡುವೆ ಬದುಕುವುದು ಕಷ್ಟ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಕಾನೂನು ಹಾಗಿರಲಿ, ಅಲ್ಲಾಹನ ಮುಂದೆ ಏನು ಉತ್ತರ ಹೇಳುವುದು?

ಇನ್ನು ಮಗಳ ಪ್ರಶ್ನೆ. ಆ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಾವು ಅದನ್ನು ಅರ್ಧ ಮಾತ್ರ ಮಕ್ಕಳಿಗೆ ಹೇಳುತ್ತೇವೆ. ಆ ಹೆಂಗಸು ಬೆಕ್ಕನ್ನು ಕೂಡಿ ಹಾಕಿದಳು, ಅದಕ್ಕೆ ತಿನ್ನಲು ಕೊಡಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆಯನ್ನಾದರೂ ತಿಂದು ಬದುಕಿಕೊಳ್ಳಲೆಂದು ಬಿಡಲೂ ಇಲ್ಲ. ಹಾಗೆ ಅದು ಸತ್ತಿತು. ಅನ್ನ ನೀರು ಕೊಟ್ಟು ಮನೆಯೊಳಗೆ ಇಟ್ಟುಕೊಂಡರೆ ದೋಷವಿಲ್ಲವೆಂದು ಹದೀಸಿನ ವ್ಯಾಖ್ಯಾನಕಾರರು ಇದರಿಂದಲೇ ತಿಳಿದುಕೊಂಡಿದ್ದಾರೆ. ಒಳಗಿಡುವವರ ಹೊಣೆ ಮಾತ್ರ ಹೆಚ್ಚುತ್ತದೆ. ಹೊರಗೆ ಅದು ತಾನೇ ಹುಡುಕಿಕೊಳ್ಳುತ್ತಿದ್ದುದನ್ನೆಲ್ಲ ನಾವು ಕೊಡಬೇಕು.

ಅಮ್ಮಿ ತಮ್ಮ ಕಡೆಗೂ ಒಂದು ಹದೀಸ್ ತಂದರು. ಸಹಾಬಿ ಅಬೂಕತಾದಾ(ರ)ರ ಸೊಸೆ ಕಬ್ಶಾ ಮಾವನ ವುಝೂಗೆ ನೀರು ತಂದಿಟ್ಟಿದ್ದರು. ಬೆಕ್ಕೊಂದು ಬಂದು ಆ ಪಾತ್ರೆಗೆ ಬಾಯಿ ಹಾಕಲು ನೋಡಿತು. ಅದಕ್ಕೆ ಸುಲಭವಾಗಲೆಂದು ಮಾವನವರು ಪಾತ್ರೆಯನ್ನೇ ಓರೆ ಮಾಡಿ ಹಿಡಿದರು! ಸೊಸೆ ಕಣ್ಣರಳಿಸಿ ನೋಡುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುತ್ತಿರುವವರಲ್ಲಿ ಸೇರಿದ್ದು ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. "ಸುತ್ತಾಡುವವರು ಅಂದಮೇಲೆ ಸುತ್ತಾಡಲು ಬಿಡಬೇಕಲ್ಲ" ಎಂಬುದು ಅಮ್ಮಿಯ ವಾದ. ನನಗೆ ಹಾಗೆ ಕಾಣುವುದಿಲ್ಲ. ಅನ್ನೂರ್ ಅಧ್ಯಾಯದಲ್ಲಿ ಮನೆಯೊಳಗೆ ಬಂದು ಹೋಗಿ ಮಾಡುವ ಸೇವಕರು ಮತ್ತು ಮಕ್ಕಳ ಬಗ್ಗೆ ಹೇಳುವಾಗಲೂ ಇದೇ ಪದ ಬರುತ್ತದೆ. ಅಂದರೆ ಬೆಕ್ಕು ನಮ್ಮ ಮನೆಯವರ ಪೈಕಿ. ನಮ್ಮ ಮಕ್ಕಳನ್ನು ರಾತ್ರಿ ಹನ್ನೆರಡಕ್ಕೆ ಬೀದಿಗೆ ಬಿಡುತ್ತೇವೆಯೇ?

ಅಬೂಹುರೈರಾ(ರ)ರಿಗೆ ಆ ಹೆಸರು ಬಂದದ್ದೇ ಬೆಕ್ಕಿನ ಮರಿಯಿಂದ. ಮನೆಯವರ ಆಡು ಕಾಯುವಾಗ ಹಗಲೆಲ್ಲ ಅದನ್ನು ಜೊತೆಗೆ ಕೊಂಡೊಯ್ದು ಆಡುತ್ತಿದ್ದರು, ರಾತ್ರಿ ಅದನ್ನು ಮರದ ಮೇಲೆ ಇಡುತ್ತಿದ್ದರು ಎಂದು ತಿರ್ಮಿದಿಯಲ್ಲಿದೆ. ಓದಿದಾಗಲೆಲ್ಲ ನನಗೆ ಆ ಮರವೇ ಕಣ್ಣಿಗೆ ಕಟ್ಟುತ್ತದೆ.

ಆದರೆ ಅಮ್ಮಿಯನ್ನೂ ತಪ್ಪೆನ್ನಲಾರೆ. ಅವರು ಬೆಳೆದದ್ದು ಸಿರಾದಲ್ಲಿ. ದೊಡ್ಡ ಅಂಗಳ, ಹಿತ್ತಿಲು, ರಾಗಿ ಮೂಟೆಗಳು, ಮೂಟೆಗೆ ಇಲಿಗಳು. ಅಲ್ಲಿ ಬೆಕ್ಕಿಗೆ ಕೆಲಸವಿತ್ತು, ಜಾಗವಿತ್ತು. ಅಂಥ ಮನೆಯಲ್ಲಿದ್ದರೆ ನಾನೂ ಬಾಗಿಲು ಹಾಕುತ್ತಿರಲಿಲ್ಲ. ನಮ್ಮ ಕುರುಬರಹಳ್ಳಿಯಲ್ಲಿ ಅಂಗಳ ಎಲ್ಲಿದೆ? ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಮಹಡಿ, ಗೋಡೆಗೆ ಗೋಡೆ. ಮೆಟ್ಟಿಲಿಳಿದರೆ ಬೈಕುಗಳು. ನೀರು ಬರುವ ದಿನ ಸಂಪಿನ ಮುಚ್ಚಳ ತೆಗೆದಿಟ್ಟೇ ಇರುತ್ತಾರೆ. ಸರ್ಕಲ್ ಕಡೆ ಹೋದರೆ ಬಸ್ಸು, ಆಟೋ. ಈ ಕಡೆ ರಾಜಕಾಲುವೆ. 2017ರ ಅಕ್ಟೋಬರ್ 13ರ ರಾತ್ರಿ ಇದೇ ಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿತು, ಮನುಷ್ಯರೇ ಕೊಚ್ಚಿ ಹೋದರು. ಆ ರಾತ್ರಿಯ ಬಳಿಕ ಜೋರು ಮಳೆ ಬಂದಾಗ ಮಿನ್ನು ಹೊರಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಇಲಿ ಪಾಷಾಣದ ಮಾತು ಬೇರೆ. ಅಂಗಡಿಯಲ್ಲಿ ಸಿಗುವ ಕೆಲವು ಬಗೆಯ ಇಲಿ ಮದ್ದು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಎರಡು ಮೂರು ದಿನ ಮಂಕಾಗಿ ಓಡಾಡುತ್ತದೆ. ಅಂಥದ್ದು ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ, ಅದನ್ನು ತಿಂದ ಬೆಕ್ಕಿಗೂ ಒಳಗೊಳಗೇ ರಕ್ತಸ್ರಾವವಾಗುತ್ತದೆ. ನಾವು ಮದ್ದು ಇಡದಿದ್ದರೇನಂತೆ, ಬೀದಿಯಲ್ಲಿ ಯಾರಾದರೊಬ್ಬರು ಇಟ್ಟೇ ಇರುತ್ತಾರೆ.

ರೋಗಗಳೂ ಹೊರಗಿನಿಂದಲೇ ಬರುವುದು ಹೆಚ್ಚು. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಫೆಲೈನ್ ಪ್ಯಾನ್‌ಲ್ಯೂಕೊಪೀನಿಯ ಎಂಬ ವೈರಸ್ ರೋಗ ಹಬ್ಬಿ ಬಹಳ ಬೆಕ್ಕುಗಳು ಸತ್ತ ಸುದ್ದಿಯನ್ನು ನೀವೂ ಓದಿರಬಹುದು. ವಾಂತಿ, ಭೇದಿ, ಊಟ ಬಿಡುವುದು ಇದರ ಲಕ್ಷಣ. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ನಮ್ಮ ಚಪ್ಪಲಿಯಲ್ಲಿ ಮನೆಗೆ ಬರಬಲ್ಲದು, ಆದ್ದರಿಂದ ಒಳಗಿರುವ ಬೆಕ್ಕಿಗೂ ಲಸಿಕೆ ಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆಂದು ತಿಳಿದವರೂ ಇದ್ದಾರೆ. ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕು ಕಚ್ಚಿದರೆ, ಪರಚಿ ಗಾಯವಾದರೆ ಅರಿಶಿನ ಹಚ್ಚಿ ಕೂರಬೇಡಿ. ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಬಸುರಿಯರಿರುವ ಮನೆಯವರು ಬೆಕ್ಕನ್ನೇ ಓಡಿಸುವುದುಂಟು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಭಯ ಅದು. ಭಯ ಸುಳ್ಳಲ್ಲ, ಆದರೆ ಓಡಿಸಬೇಕಾಗಿಲ್ಲ. ಬೆಕ್ಕಿಗೆ ಅದು ಬರುವುದು ಇಲಿ, ಹಕ್ಕಿ, ಹಸಿ ಮಾಂಸ ತಿಂದು. ಅದರ ಮಲದಲ್ಲಿ ಹೊರಬಿದ್ದದ್ದು ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನವಾದರೂ ಬೇಕು. ಹಾಗಾಗಿ ಟ್ರೇಯನ್ನು ದಿನವೂ ಬೇರೆಯವರು ಶುಚಿ ಮಾಡಿದರೆ, ನಾವು ಮಾಂಸ ಚೆನ್ನಾಗಿ ಬೇಯಿಸಿ, ಸೊಪ್ಪು ತೊಳೆದು ತಿಂದರೆ ಅಪಾಯ ಬಹಳ ಕಡಿಮೆ. ಅಪಾಯವಿರುವುದು ಬೆಕ್ಕು ಹೊರಗೆ ಎಲ್ಲೆಂದರಲ್ಲಿ ಮಣ್ಣಿನಲ್ಲಿ ಹೂತಿಟ್ಟು ಬಂದಾಗ. ನಾನು ಮತ್ತೆ ಅಜ್ಜಿಯ ಕುಂಡಕ್ಕೇ ಬಂದೆ ನೋಡಿ. ಅವರು ದಿನವೂ ಅದರಿಂದ ಎಲೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಹಕ್ಕಿಗಳ ಲೆಕ್ಕವೂ ಇದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಸಾಕು ಬೆಕ್ಕುಗಳನ್ನು ಆವರಣದೊಳಗೇ ಇಡಬೇಕೆಂಬ ನಿಯಮವಿದೆ. ಇಸ್ತಾಂಬುಲಿನಲ್ಲಿ ನೋಡಿದರೆ ಬೀದಿಯೇ ಬೆಕ್ಕಿನ ಮನೆ, ಅಂಗಡಿಯವರು ಊಟ ಹಾಕುತ್ತಾರೆ. ಒಂದೊಂದು ಊರಿನದು ಒಂದೊಂದು ರೀತಿ.

ಕೊನೆಗೆ ನಾವು ಒಳಗಿಡುವುದೆಂದೇ ತೀರ್ಮಾನಿಸಿದೆವು. ಮೊದಲ ವಾರ ನರಕಯಾತನೆ. ಮಗ್ರಿಬ್ ಹೊತ್ತಿಗೆ ಬಾಗಿಲ ಬಳಿ ಕುಳಿತು ಅವಳು ಅಳುತ್ತಿದ್ದುದನ್ನು ಕೇಳಲಾಗುತ್ತಿರಲಿಲ್ಲ. ಒಂದು ರಾತ್ರಿ ನಾನೇ ಚಿಲಕಕ್ಕೆ ಕೈ ಹಾಕಿದ್ದೆ. ಬಚ್ಚಲ ಪಕ್ಕ ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಮರಳು ಹಾಕಿಟ್ಟೆವು. ಟಬ್ಬು ಮತ್ತು ಊಟದ ಬಟ್ಟಲು ಹತ್ತಿರವಿದ್ದರೆ ಅವಳು ಒಪ್ಪುವುದಿಲ್ಲವೆಂದು ತಿಳಿಯಲು ಎರಡು ದಿನ ಬೇಕಾಯಿತು. ಬಾಲ್ಕನಿಗೆ ಪಾರಿವಾಳದ ನೈಲಾನ್ ನೆಟ್ ಸಾಲದು, ಕಚ್ಚಿ ಹರಿಯುತ್ತವೆ. ತೆಳು ಕಬ್ಬಿಣದ ಜಾಲರಿ ಹಾಕಿಸಿದೆವು. ಅಲ್ಲಿ ಬಿಸಿಲು ಕಾಯುತ್ತಾ ಗುಬ್ಬಚ್ಚಿ, ಅಳಿಲುಗಳನ್ನು ನೋಡುತ್ತಾ ಕೂರುತ್ತಾಳೆ. ಸಂಜೆ ಮಗಳು ದಾರಕ್ಕೆ ಬಟ್ಟೆಚೂರು ಕಟ್ಟಿ ಕಾಲು ಗಂಟೆ ಓಡಿಸುತ್ತಾಳೆ. ಇದನ್ನು ಬಿಟ್ಟ ದಿನ ಸೋಫಾದ ಗತಿ ಕೇಳಬೇಡಿ.

ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು, ಎರಡು ತಿಂಗಳಿಗೆ ಮರಿ ಹಾಕುತ್ತದೆ. ಆ ಮರಿಗಳೇ ಆಮೇಲೆ ಗೋಣಿಚೀಲಕ್ಕೆ ಹೋಗುವುದು. ಇದು ಸರಿಯೇ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಯೋಜನವಿದ್ದು, ಪ್ರಾಣಿಗೆ ಅಪಾಯವಿಲ್ಲದಿದ್ದರೆ ಹನಫಿ ವಿದ್ವಾಂಸರು ಅನುಮತಿಸುತ್ತಾರೆ. ನೀವು ನಂಬುವ ಉಲಮಾರನ್ನು ಕೇಳಿಯೇ ಮುಂದುವರಿಯಿರಿ.

ಈಗ ಎರಡು ತಿಂಗಳಾಯಿತು. ಅಳು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಸುಳ್ಳು ಹೇಳುವುದೇಕೆ, ಆಗೊಮ್ಮೆ ಈಗೊಮ್ಮೆ ನನ್ನ ಮನಸ್ಸೂ ಚುರ್ ಎನ್ನುತ್ತದೆ. ಮೊನ್ನೆ ಅಜ್ಜಿ ಜಾಲರಿಯ ಹೊರಗೆ ನಿಂತು, "ಎಲ್ಲೇ ಕಾಣೋದೇ ಇಲ್ಲ ನೀನು?" ಎಂದು ಮಿನ್ನುವಿನ ಜೊತೆ ಮಾತಾಡುತ್ತಿದ್ದರು. ಕೈಯಲ್ಲಿ ಒಂದು ಲೋಟ ಹಾಲು. ದೊಡ್ಡ ಬೆಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆಕ್ಕಿಗೆ ಹಾಲು ಆಗಲ್ವಂತೆ!" ಎಂದು ನಕ್ಕು, ಲೋಟವನ್ನು ನನ್ನ ಕೈಗಿತ್ತು ಹೋದರು.