ಕಟ್ ಕಾಣಿಸಬಾರದು ಎಂಬ ಪಾಠ ಸುದ್ದಿಗೆ ಎಷ್ಟು ಸರಿ?

ಎಡಿಟಿಂಗ್ ತರಗತಿಯ ಮೊದಲ ದಿನ ನಮಗೆ ಹೇಳಿಕೊಟ್ಟಿದ್ದು ಒಂದೇ ಮಾತು: ಒಳ್ಳೆಯ ಕಟ್ ಕಣ್ಣಿಗೆ ಬೀಳಬಾರದು. ಡಿಪ್ಲೊಮಾ ಮುಗಿಸಿ ಶ್ರೀರಾಂಪುರಕ್ಕೆ ವಾಪಸ್ ಬಂದು, ಹೊಸದುರ್ಗ ತಾಲ್ಲೂಕಿನ ಸುದ್ದಿ ಕಳಿಸಲು ಶುರು ಮಾಡಿದ ಮೇಲೂ ಅದನ್ನೇ ನಂಬಿಕೊಂಡಿದ್ದೆವು. ಈಗ ಆ ಮಾತಿನ ಮೇಲೆ ನಮ್ಮದೊಂದು ತಕರಾರಿದೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಬೋರ್‌ವೆಲ್ ಬತ್ತಿ ತೆಂಗು ಒಣಗುತ್ತಿದ್ದ ತೋಟವೊಂದಕ್ಕೆ ಹೋಗಿದ್ದೆವು. ತೋಟದ ಯಜಮಾನರು ಬದುವಿನ ಮೇಲೆ ನಡೆದು ಬಂದರು, ಮಾತಾಡಿದರು, ಮಾತಾಡುತ್ತಾ ಅತ್ತರು. ನಮಗೆ ದೂರದ ಶಾಟ್ ಸಿಕ್ಕಿತ್ತು, ಹತ್ತಿರದ್ದು ಇರಲಿಲ್ಲ. ‘ಇನ್ನೊಂದ್ ಸಲ ನಡ್ಕೊಂಡ್ ಬನ್ನಿ ಯಜಮಾನ್ರೇ’ ಅಂದೆವು. ‘ಆಗ್ಲೇ ಬಂದ್ನಲ್ಲಪ್ಪಾ, ಮತ್ಯಾಕೆ?’ ಅಂದರು. ಆದರೂ ಕಣ್ಣೊರೆಸಿಕೊಂಡು ಇನ್ನೊಮ್ಮೆ ನಡೆದು ಬಂದರು.

ಆ ದಿನ ಕಳಿಸಿದ ಫೋಲ್ಡರಿನಲ್ಲೇ ಅಧಿಕಾರಿಯೊಬ್ಬರ ವಿಷುವಲ್ಸ್ ಕೂಡ ಇದ್ದವು. ಎರಡು ದಿನ ಮೊದಲು ಶಾಲಾ ಕಾರ್ಯಕ್ರಮದಲ್ಲಿ ತೆಗೆದಿದ್ದು. ಮಗುವೊಂದರ ಮಾತಿಗೆ ಅವರು ನಕ್ಕಿದ್ದರು. ಡೆಸ್ಕಿನಲ್ಲಿ ಯಜಮಾನರ ಕಣ್ಣೀರಿಗೆ ಕಟ್ ಮಾಡಿ ಆ ನಗುವನ್ನು ಜೋಡಿಸಿದರು. ಸಂಜೆ ಟೀವಿಯಲ್ಲಿ ನೋಡಿದವರಿಗೆ, ರೈತ ಅಳುತ್ತಿದ್ದರೆ ಅಧಿಕಾರಿ ನಗುತ್ತಿದ್ದಂತೆ ಕಂಡಿತು. ಹಿನ್ನೆಲೆ ಧ್ವನಿಯಲ್ಲಿ ಒಂದು ಸುಳ್ಳು ಶಬ್ದವೂ ಇರಲಿಲ್ಲ. ಆಮೇಲೆ ಯಜಮಾನರು ಅರ್ಜಿ ಹಿಡಿದು ಕಚೇರಿಗೆ ಹೋದಾಗ, ‘ನಮ್ಮ ಸಾಹೇಬ್ರನ್ನ ಟೀವಿಲಿ ಬೈಸಿದೋನು ನೀನೇ ಅಲ್ವಾ’ ಅಂದರಂತೆ. ಫೈಲಿನ ಹೆಸರಿನಲ್ಲಿ ದಿನಾಂಕ ಬರೆಯದೆ ಕಳಿಸಿದವರು ನಾವು. ತಪ್ಪು ಡೆಸ್ಕಿನದು ಮಾತ್ರ ಅಲ್ಲ.

ಇದೇನು ಹೊಸ ತಂತ್ರವಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೊವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಹೆಣ್ಣು, ಹೀಗೆ ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿ ತೋರಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತು. ಎರಡು ಶಾಟ್ ಅಕ್ಕಪಕ್ಕ ಬಂದರೆ ನಡುವಿನ ಸಂಬಂಧವನ್ನು ನೋಡುಗನೇ ಕಟ್ಟಿಕೊಳ್ಳುತ್ತಾನೆ.

ಕಂಟಿನ್ಯುಟಿ ಎಡಿಟಿಂಗ್ ನಿಂತಿರುವುದೇ ಈ ಗುಣದ ಮೇಲೆ. ದೂರದ ಶಾಟ್‌ನಲ್ಲಿ ಟೀ ಲೋಟ ಎತ್ತಿದವನು ಹತ್ತಿರದ ಶಾಟ್‌ನಲ್ಲಿ ತುಟಿಗಿಡಬೇಕು. ಕ್ರಿಯೆಯ ಮಧ್ಯದಲ್ಲೇ ಕಟ್ ಬಿದ್ದರೆ ಗೊತ್ತಾಗುವುದಿಲ್ಲ. ಒಬ್ಬ ಎಡಕ್ಕೆ ನೋಡಿದರೆ ಎದುರಿನವನು ಬಲಕ್ಕೆ ನೋಡಬೇಕು. ಇನ್ನು 180 ಡಿಗ್ರಿ ನಿಯಮ: ರಸ್ತೆಯ ಈ ಬದಿ ನಿಂತು ತೆಗೆದ ಬಸ್ಸನ್ನು ಮುಂದಿನ ಶಾಟ್‌ನಲ್ಲಿ ಆ ಬದಿಯಿಂದ ತೆಗೆದರೆ, ಹೊಸದುರ್ಗಕ್ಕೆ ಹೊರಟ ಬಸ್ಸು ತಿರುಗಿ ಶ್ರೀರಾಂಪುರಕ್ಕೇ ಬಂದಂತೆ ಕಾಣುತ್ತದೆ.

ಸಿನಿಮಾದಲ್ಲಿ ಇದೆಲ್ಲ ನ್ಯಾಯವಾದ ಕಸುಬು. ನಮ್ಮ ಜಿಲ್ಲೆಯವರೇ ಆದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದರು. ರಾಮಾಚಾರಿಯ ಕಥೆಯ ನಡುವೆ ಜಯಂತಿ ಓಬವ್ವನಾಗಿ ಬರುತ್ತಾರೆ. ಇನ್ನೂರು ವರ್ಷ ಹಿಂದಕ್ಕೆ ಹೋದರೂ ಯಾರಿಗೂ ಗೊಂದಲವಿಲ್ಲ, ಮೋಸ ಹೋದೆವು ಎಂದು ದುರ್ಗದವರು ಯಾರೂ ದೂರಲಿಲ್ಲ. ಟಿಕೆಟ್ ತಗೊಂಡು ಒಳಗೆ ಹೋಗುವಾಗಲೇ ಇದು ಕಥೆ ಎಂದು ಒಪ್ಪಿಕೊಂಡಿರುತ್ತೇವೆ.

ಸುದ್ದಿ ನೋಡುವವರು ಅಂಥ ಒಪ್ಪಿಗೆ ಕೊಟ್ಟಿರುವುದಿಲ್ಲ. ಒಂದರ ಹಿಂದೆ ಒಂದು ಬಂದದ್ದನ್ನು ಒಂದರ ಹಿಂದೆ ಒಂದು ನಡೆದದ್ದು ಎಂದೇ ತಿಳಿಯುತ್ತಾರೆ. ಹಾಗಾಗಿ ಸಿನಿಮಾದಲ್ಲಿ ಸೌಕರ್ಯವಾದ ನಯವಾದ ಕಟ್, ಸುದ್ದಿಯಲ್ಲಿ ಸಾಕ್ಷಿ ಹೇಳಿದಂತಾಗುತ್ತದೆ. ಅದು ಸುಳ್ಳು ಸಾಕ್ಷಿಯೂ ಆಗಬಹುದು.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನೇ ನೋಡಿ. 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. ಅದೇ ಅಣೆಕಟ್ಟು, ಅದೇ ಕೋಡಿ, ಅದೇ ನೀರಿನ ಸದ್ದು. 2022ರ ನೀರಿಗೆ 2025ರ ಜನರನ್ನು ಜೋಡಿಸಿದರೆ ಎಲ್ಲೂ ಎಡವುವುದಿಲ್ಲ. ಎಡವದೇ ಇರುವುದೇ ಇಲ್ಲಿ ಅಪಾಯ.

‘ಒಂದೂವರೆ ನಿಮಿಷದ ಸ್ಟೋರಿಗೆ ಇಷ್ಟೆಲ್ಲ ಯಾಕೆ, ಕಟ್ ಎಗರಿದರೆ ಜನ ಚಾನೆಲ್ ಬದಲಿಸ್ತಾರೆ’ ಎನ್ನುವವರಿದ್ದಾರೆ. ಒಂದು ಸ್ಟೋರಿಗೆ ಇಷ್ಟು ಎಂದು ದುಡ್ಡು ಪಡೆಯುವ ನಾವು ಡೆಸ್ಕಿನ ಜೊತೆ ಜಗಳ ಆಡಿ ಗೆಲ್ಲುವುದೂ ಇಲ್ಲ. ಆದರೆ ಕೆಲವು ನಮ್ಮ ಕೈಯಲ್ಲೇ ಇವೆ. ಪ್ರತಿ ಫೈಲಿನ ಹೆಸರಿನಲ್ಲಿ ದಿನಾಂಕ, ಊರು ಬರೆಯೋಣ. ಬೇರೆ ದಿನದ ವಿಷುವಲ್ಸ್ ಬೇರೆ ಫೋಲ್ಡರಿಗೆ ಹಾಕೋಣ. ಮುಖಭಾವದ ಶಾಟ್ ಅದೇ ಸ್ಥಳದ್ದು, ಅದೇ ಹೊತ್ತಿನದು ಆಗಿರಲಿ. ಬೈಟ್ ನಡುವೆ ಮಾತು ತೆಗೆದಿದ್ದರೆ ಅದನ್ನು ಕಟ್‌ಅವೇ ಹಾಕಿ ಮುಚ್ಚುವುದು ಬೇಡ, ಜಂಪ್ ಕಟ್ ಹಾಗೇ ಕಾಣಲಿ. ಗೊದಾರ್ 1960ರ ‘ಬ್ರೆತ್‌ಲೆಸ್’ ಸಿನಿಮಾದಲ್ಲೇ ಕಟ್ ಎಗರಿಸಿ ತೋರಿಸಿದ್ದ. ಪ್ರೇಕ್ಷಕರು ಅದನ್ನೂ ಅರಗಿಸಿಕೊಂಡರು. ಮುಖ್ಯವಾಗಿ, ಅತ್ತವರನ್ನು ಇನ್ನೊಮ್ಮೆ ನಡೆದು ಬನ್ನಿ ಎಂದು ಕೇಳುವುದು ಬೇಡ.

ವ್ಯಾಕರಣ ಕಲಿಯಬೇಡಿ ಎಂದು ಹೊಸಬರಿಗೆ ನಾವು ಹೇಳುತ್ತಿಲ್ಲ. ಚೆನ್ನಾಗಿ ಕಲಿಯಿರಿ. ಜೋಡಿಸುವುದು ಗೊತ್ತಿದ್ದವರಿಗಷ್ಟೇ ಬೇರೆಯವರು ಎಲ್ಲಿ ಜೋಡಿಸಿದ್ದಾರೆ ಎಂಬುದು ಗೊತ್ತಾಗುತ್ತದೆ.

ಆ ಯಜಮಾನರು ಈಗಲೂ ಸಿಗುತ್ತಾರೆ. ಮೊಬೈಲ್ ಎತ್ತಿದರೆ ಮೊದಲು ಕೇಳುವುದು ಇದನ್ನೇ: ‘ಇವತ್ತಿಂದು ಇವತ್ತಿಂದೇ ಅಂತ ಹಾಕ್ತೀರೇನಪ್ಪಾ?’